ತಳ್ಳದೆ ಏಳದ ವ್ಯಾನು

ಒಂದಾನೊಂದು ಬೀದಿಯಲ್ಲಿ ಒಂದು ಹಠಮಾರಿ ವ್ಯಾನಿದೆ. ಕೀಲಿ ತಿರುಗಿಸಿದರೆ ಗೊರಗೊರ ಅನ್ನುತ್ತದೆ, ಏಳುವುದಿಲ್ಲ. ಹಿಂದಿನಿಂದ ತಳ್ಳಿದರೆ ಮಾತ್ರ ಎದ್ದು, ಏನೂ ಆಗದವರ ಹಾಗೆ ಬ್ರೆಡ್ಡು ಹೊತ್ತು ಹೊರಡುತ್ತದೆ. ತಳ್ಳುತ್ತಿದ್ದವರು ವ್ಯಾನಿನ ಒಡತಿಯ ಗಂಡ. ಕಳೆದ ತಿಂಗಳು ಅವರ ಎದೆಯ ಆಪರೇಷನ್ ಆಗಿದೆ. ಇನ್ನು ತಳ್ಳಿದರೆ ಜೀವಕ್ಕೇ ಅಪಾಯ ಎಂದಿದ್ದಾರೆ ಡಾಕ್ಟರು.

ಈಗಷ್ಟೇ ಬೆಳಕು ಹರಿಯುತ್ತಿದೆ. ವ್ಯಾನಿನ ಕೆಳಗಿಂದ ಎರಡು ಪಾದ ಮಾತ್ರ ಕಾಣುತ್ತಿವೆ. ಅವು ಒಡತಿಯ ತಂಗಿಯವು. ಬೀದಿಗೆಲ್ಲ ಅವಳು ‘ಪಾನಾ’; ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಇಲ್ಲದೆ ಅವಳನ್ನು ಕಂಡವರಿಲ್ಲ. ಅಪ್ಪ ತೀರಿಕೊಂಡಾಗ ಅವರ ಗ್ಯಾರೇಜಿಗೆ ಬೀಗ ಹಾಕಲು ಮನಸ್ಸು ಬಾರದೆ ಒಳಹೊಕ್ಕವಳು. ಹೆಂಗಸು ಬಿಚ್ಚಿದ ಎಂಜಿನ್ ಮತ್ತೆ ಕೂಡುತ್ತದೆಯೇ ಎಂದು ಬಂದ ದಾರಿಯಲ್ಲೇ ಮರಳಿದವರು ಎಷ್ಟೋ ಮಂದಿ. ಆಗ ನಂಬಿ ವ್ಯಾನು ತಂದು ನಿಲ್ಲಿಸಿದವರು ಇದೇ ಭಾವ.

ಅವರು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವಳು ಮಾತು ಕೊಟ್ಟಿದ್ದಾಳೆ, ಇನ್ನು ಯಾರೂ ತಳ್ಳುವ ಹಾಗಿಲ್ಲ ಎಂದು. ಬ್ಯಾಟರಿ ಬದಲಾಯಿತು, ಪ್ಲಗ್ಗು ಬದಲಾಯಿತು. ಎಂಜಿನ್ ಎಷ್ಟು ತಿರುಗಿದೆ ಎಂದು ನೋಡಿ, ಕಿಡಿ ಹಾರುವ ಗಳಿಗೆ ತಿಳಿಸುವ ಸೆನ್ಸರನ್ನೂ ಹೊಸದು ಹಾಕಿದ್ದಾಯಿತು. ವ್ಯಾನು ಜಪ್ಪಯ್ಯ ಅನ್ನಲಿಲ್ಲ. ಗುಜರಿಗೆ ಹಾಕೋಣ ಅನ್ನುತ್ತಾಳೆ ಅಕ್ಕ. ಅಕ್ಕನ ಕಣ್ಣು ತಪ್ಪಿದರೆ ಭಾವ ಮೆಲ್ಲಗೆ ವ್ಯಾನಿನ ಹಿಂದೆ ಹೋಗಿ ನಿಲ್ಲುತ್ತಾರೆ. ಪಾನಾಳ ನಿದ್ದೆ ಕೆಡಿಸಿರುವುದು ಅದೇ.

“ಕೀಲಿ ತಿರುಗಿಸಿದ್ರೆ ಎಂಜಿನ್ ನಿಧಾನ ತಿರುಗುತ್ತೆ, ಆಗ ಸೆನ್ಸರ್ ಕಳಿಸೋ ಸಿಗ್ನಲ್ಲಿನ ದನಿ ಸಣ್ಣದು, ಭಾವ. ನೀವು ತಳ್ಳಿದಾಗ ಎಂಜಿನ್ ಜೋರಾಗಿ ತಿರುಗುತ್ತೆ, ಆಗ ದನಿ ದೊಡ್ಡದಾಗಿ ಕಿಡಿ ಹಾರುತ್ತೆ,” ಎನ್ನುತ್ತಾಳೆ ಕೆಳಗಿನಿಂದಲೇ. “ಎಂಜಿನ್ ಜತೆ ತಿರುಗೋ ಹಲ್ಲಿನ ಚಕ್ರದಿಂದ ಇದು ದೂರ ಕೂತಿರಬೇಕು.”

“ನಿಮ್ಮಕ್ಕನೂ ಹಾಗೇ. ದೂರ ಕೂತ್ರೆ ನನ್ನ ಮಾತು ಕೇಳಿಸಲ್ಲ.”

“ಹತ್ರ ಕೂತ್ರೂ ಕೇಳಿಸ್ಕೊಳ್ಳಲ್ಲ,” ಬಾಗಿಲಿಂದ ಅಕ್ಕ.

ಪಾನಾ ಸೆನ್ಸರ್ ಬಿಚ್ಚುತ್ತಾಳೆ. ಅದು ಕೂರುವ ಜಾಗದಲ್ಲಿ ತುಕ್ಕು ಹಕ್ಕಳೆಗಟ್ಟಿದೆ. ಹಳೆಯದು ಅದರ ಮೇಲೇ ಕೂತಿತ್ತು. ಹೊಸದನ್ನೂ ಅವಸರದಲ್ಲಿ ಅದರ ಮೇಲೇ ಕೂರಿಸಿದ್ದಾಳೆ. ಕೂದಲೆಳೆಯಷ್ಟು ಎತ್ತರ, ಅಷ್ಟಕ್ಕೇ ದನಿ ಸೋತಿದೆ. ತನ್ನನ್ನೇ ಬೈದುಕೊಳ್ಳುತ್ತ ಲೋಹ ಮಿನುಗುವವರೆಗೆ ಕೆರೆಯುತ್ತಾಳೆ, ಒರೆಸುತ್ತಾಳೆ, ಸೆನ್ಸರನ್ನು ಒತ್ತಿ ಕೂರಿಸಿ ಬಿಗಿಯುತ್ತಾಳೆ.

ಹೊರಗೆ ಬಂದು ನೋಡಿದರೆ ಭಾವ ಆಗಲೇ ವ್ಯಾನಿನ ಹಿಂದೆ ಅಂಗೈ ಊರಿ ನಿಂತಿದ್ದಾರೆ. ರಟ್ಟೆ ಹಿಡಿದು ಕರೆತಂದು ಡ್ರೈವರ್ ಸೀಟಿನಲ್ಲಿ ಕೂರಿಸುತ್ತಾಳೆ.

“ಕೂತ್ಕೊಂಡೇ ತಿರುಗಿಸಿ, ಭಾವ.”

ಅವರು ಕೀಲಿ ತಿರುಗಿಸುತ್ತಾರೆ. ಒಂದೇ ಸಲಕ್ಕೆ ವ್ಯಾನು ಏಳುತ್ತದೆ. ಹಿಂದೆ ಯಾರೂ ಇಲ್ಲ.