ಇರುವೆಗೆ ಹಾಕಿದ ಹಿಟ್ಟು

ಹೆರಿಗೆಯಾದ ಮೇಲೆ ನನ್ನ ಬೆರಳ ಸಂದಿಯಲ್ಲಿ ಶುರುವಾದ ಬಿರುಕು ಅಂಗೈಗೆಲ್ಲ ಹರಡಿತು. ಸಾಬೂನಿನ ನೀರು ತಾಗಿದರೆ ಸಾಕು, ರಕ್ತ ಜಿನುಗುತ್ತಿತ್ತು. ಎತ್ತಿಕೊಂಡರೆ ಕೂಸಿನ ಮೈಮೇಲೆ ಗೀರುಗಳು ಬೀಳುತ್ತಿದ್ದವು, ಅದು ಚೀರಿ ಬೆನ್ನು ಸೆಟೆಸುತ್ತಿತ್ತು. ಗೋಕಾಕದ ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, "ಬಾಂಡೆ ತಿಕ್ಕೂದು ಬಿಡ್ರಿ. ಅದು ಆಗಂಗಿಲ್ಲಾಂದ್ರ ಈ ಕೈಲೆ ಕೂಸಿನ್ನ ಮುಟ್ಟಬ್ಯಾಡ್ರಿ" ಎಂದರು.

ಅವರಿಗೇನು, ಹೇಳಿದರು. ಹುಕ್ಕೇರಿಯ ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ಮುಗಿದ ಮೇಲೆ ಎಂಜಲು ಪಾತ್ರೆ, ಬಾಂಡೆಯ ರಾಶಿ ನನ್ನ ಪಾಲಿಗೆ. ಅತ್ತೆಯ ಮೊಣಕಾಲು ಮಡಚುತ್ತಿರಲಿಲ್ಲ. ಕೆಲಸದವಳನ್ನು ಇಡೋಣವೆಂದರೆ, ನೀರಲ್ಲಿನ ಜೀವ ಸಾಯದಂತೆ ಸೋಸಿಯೇ ಬಳಸುವ ಕಟ್ಟುನಿಟ್ಟು ಹೊರಗಿನವರಿಗೆ ತಿಳಿಯುವುದಿಲ್ಲ ಎಂದು ಅವರು ಒಪ್ಪಲಿಲ್ಲ.

ನಮ್ಮ ಯಜಮಾನರದು ಬೆಲ್ಲದ ವ್ಯಾಪಾರ. ಕೊಲ್ಹಾಪುರದ ಪರಿಚಯದವರೊಬ್ಬರು ಮನೆ ಖಾಲಿ ಮಾಡುವಾಗ ಪಾತ್ರೆ ತೊಳೆಯುವ ಹಳೇ ಮಷಿನ್ ಕೊಟ್ಟರಂತೆ. ಬೆಲ್ಲ ಇಳಿಸಿ ಬಂದ ಟೆಂಪೊದಲ್ಲೇ ಅದು ನಮ್ಮ ಮನೆಗೆ ಬಂತು. ಬಾಜೂ ಮನೆಯವಳು ನೋಡಿ, "ಬಾಂಡೆ ತಿಕ್ಕಾಕೂ ಮಷಿನ್ ಬಂತೇನ್ರಿ? ಇನ್ನ ತುತ್ತು ಮಾಡಿ ಬಾಯಾಗ ಇಡಾಕ ಒಂದು ತರಸ್ರಿ" ಎಂದು ನಕ್ಕಳು. ನಗಲಿ ಬಿಡು ಎಂದುಕೊಂಡೆ. ಅತ್ತೆ ನೀರಿನ ನಳಕ್ಕೆ ಸೋಸುವ ಬಟ್ಟೆ ಕಟ್ಟಿ ಮಷಿನ್ನನ್ನು ಒಳಗೆ ಸೇರಿಸಿಕೊಂಡರು.

ಮಷಿನ್ ತೊಳೆಯಿತು, ನನ್ನ ಕೈಯ ಗಾಯ ಒಣಗಿತು. ಬಿರುಕುಗಳು ಕೂಡಿ ಮಾಯುತ್ತ ಬಂದವು. ಒಂದು ಮಧ್ಯಾಹ್ನ ಮಗಳು ನನ್ನ ಅಂಗೈ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋದಳು. ತೋಳು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ಅಷ್ಟು ಸುಖವನ್ನು ಆಮೇಲೆ ಎಂದೂ ಕಂಡಿಲ್ಲ.

ಮಳೆಗಾಲದಲ್ಲಿ ಮಷಿನ್ ಕೆಟ್ಟಿತು. ಅರ್ಧ ತೊಳೆದು ನಿಲ್ಲುತ್ತಿತ್ತು. ಮುಂದಿನ ದೀಪಗಳೆಲ್ಲ ಒಮ್ಮೆಲೇ ಮಿಣುಕುತ್ತಿದ್ದವು, ಒಳಗೆಲ್ಲೋ ಟಕ್ ಟಕ್ ಎನ್ನುತ್ತಿತ್ತು. ಘಟಪ್ರಭಾದಿಂದ ಟಿ.ವಿ. ರಿಪೇರಿಯವನನ್ನು ಕರೆಸಿದೆವು. ಅಂಥ ಮಷಿನ್ನನ್ನು ಅವನು ನೋಡಿದ್ದೇ ಮೊದಲು. ವೋಲ್ಟೇಜಿನ ದೋಷ ಎಂದು ಸ್ಟೆಬಿಲೈಜರ್ ಹಾಕಿಸಿದ. ಅದೇ ಟಕ್ ಟಕ್. ಬಾಗಿಲ ಸ್ವಿಚ್ಚು ಹೋಗಿದೆ ಎಂದು ಬದಲಿಸಿದ, ಮತ್ತೆ ಅದೇ. ಅಷ್ಟರಲ್ಲಿ ನಾನು ಮತ್ತೆ ಬಾಂಡೆಯ ಮುಂದೆ ಕೂತಾಗಿತ್ತು, ಕೈ ಒಡೆಯತೊಡಗಿತ್ತು. ಮೂರನೇ ಸಲ ಬಂದಾಗ ನಾನು ಸಿಟ್ಟಿನಿಂದ, "ಈ ಸಲ ಬಿಚ್ಚಿ ನೋಡ್ರಿ, ಬರೇ ಬಡದು ನೋಡಬ್ಯಾಡ್ರಿ" ಎಂದೆ.

ಬಾಗಿಲ ಮೇಲಿನ ಪಟ್ಟಿ ಬಿಚ್ಚಿ ಸರ್ಕ್ಯೂಟ್ ಬೋರ್ಡನ್ನು ಹೊರಗೆಳೆದವನು ಥಟ್ಟನೆ ಕೈ ಹಿಂದೆ ತೆಗೆದ. ಬೋರ್ಡಿನ ತುಂಬ ಇರುವೆ, ಬಿಳಿ ಮೊಟ್ಟೆ, ಸುಟ್ಟ ವಾಸನೆ. ಮೋಟಾರಿಗೂ ಹೀಟರಿಗೂ ಕರೆಂಟು ಬಿಡುವ ಪುಟ್ಟ ಡಬ್ಬಿಗೆ ರಿಲೇ ಅನ್ನುತ್ತಾರೆ. ಅದರ ಬಾಯಿ ಮುಚ್ಚಿ ತೆರೆಯುವ ಜಾಗದಲ್ಲಿ ಇರುವೆಗಳು ಸಿಕ್ಕಿ ಸತ್ತು ಕಪ್ಪಗೆ ಅಂಟಿದ್ದವು.

"ಬೆಚ್ಚಗ ಐತಿ ಅಂತ ಗೂಡು ಮಾಡ್ಯಾವ್ರಿ. ಕರೆಂಟ್ ಹರಿಯೂದು ಹೆಂಗ ಇನ್ನ? ಔಷಧ ಹೊಡೀತೇನ್ರಿ" ಎಂದ.

"ಹೊಡೀಬ್ಯಾಡೋ ಯಪ್ಪಾ, ಜೀವ ಅದಾವು!" ಎಂದು ಅತ್ತೆ ಗೋಡೆ ಹಿಡಿದುಕೊಂಡು ಓಡಿಬಂದರು.

ಅವನು ಬೋರ್ಡನ್ನು ಕಾಗದದ ಮೇಲೆ ಮೆಲ್ಲಗೆ ಕೊಡವಿದ. ಬದುಕಿದ್ದವು ಸಾಲುಕಟ್ಟಿ ಮಷಿನ್ ಹಿಂದಕ್ಕೆ ಹೊರಟವು. ಅವುಗಳ ಬೆನ್ನು ಹತ್ತಿ ಬಗ್ಗಿ ನೋಡಿದವನು ಅತ್ತೆಯತ್ತ ತಿರುಗಿ, "ಕಾಕೂ, ಇಲ್ಲಿ ಹಿಟ್ಟು, ಸಕ್ಕರಿ ಯಾರು ಹಾಕ್ಯಾರ್ರಿ?" ಎಂದ.

ಇರುವೆಗೆ ಹಿಟ್ಟು ಸಕ್ಕರೆ ಹಾಕುವುದು ನಮ್ಮಲ್ಲಿ ಪುಣ್ಯದ ಕೆಲಸ. ಅತ್ತೆ ದಿನಾ ಹಾಕುವುದು ನನಗೂ ಗೊತ್ತಿತ್ತು, ಆದರೆ ಹಿತ್ತಲಲ್ಲಿ. ಮಳೆಗೆ ಹಿಟ್ಟು ಕೊಚ್ಚಿಹೋಗುತ್ತದೆಂದು ಅದನ್ನು ಅಡುಗೆಮನೆಯ ಮೂಲೆಗೆ ತಂದಿದ್ದು ಗೊತ್ತಿರಲಿಲ್ಲ.

ಬೋರ್ಡನ್ನು ಅವನು ಘಟಪ್ರಭಾಕ್ಕೆ ಒಯ್ದ. ತಿಕ್ಕಿ ಒರೆಸಿ, ಹೊಸ ರಿಲೇ ಬೆಸೆದು ತಂದು ಕೂಡಿಸಿದ. ದೀಪ ಹತ್ತಿತು, ನೀರು ಬಂತು. ಅಷ್ಟರಲ್ಲಿ ಎಲ್ಲ ಆರಿಹೋಯಿತು. ಮೀಟರಿನ ಕಡ್ಡಿ ಇಟ್ಟು ಬಹಳ ಹೊತ್ತು ನೋಡಿದ. "ಇದರ ಮೆದುಳಿನಂಥ ಚಿಪ್ ಸುಟ್ಟೈತ್ರಿ. ಬೋರ್ಡೇ ಹೊಸಾದು ಬೇಕು" ಎಂದ. ಕೊಲ್ಹಾಪುರದಲ್ಲಿ ಕೇಳಿಸಿದೆವು. ಅಂಥ ಮಷಿನ್ ಬರುವುದೇ ನಿಂತಿದೆ ಎಂದರು.

ಅತ್ತೆ ಅಂದಿನಿಂದ ಉಪವಾಸ ಹಿಡಿದರು. ರಿಲೇಯಲ್ಲಿ ಸತ್ತ ಇರುವೆಗಳ ಸಲುವಾಗಿ! ನನಗೆ ತಡೆಯಲಾಗಲಿಲ್ಲ. ಕೈಗಳನ್ನು ಅವರ ಮುಖದ ಮುಂದೆ ಹಿಡಿದು, "ಇರಬಿಗೆ ಜೀವ ಐತಿ. ನನಗಿಲ್ಲೇನ್ರಿ ಅತ್ತಿ?" ಎಂದು ಕೂಗಿದೆ.

ಅವರು ನನ್ನ ಕೈ ನೋಡಿ ಕಣ್ಣು ತಗ್ಗಿಸಿದರು. "ನಿನ್ನ ಕೈ ಸಲುವಾಗೇ ನೇಮ ಹಿಡಿದಿದ್ನೆವ್ವಾ. ನಿನ್ನ ಕೈ ನೆಟ್ಟಗಾಗೂತನಕ ಇರಬಿಗೆ ಹಿಟ್ಟು ಹಾಕ್ತೇನಿ ಅಂತ. ಗಾಯ ಕೂಡಾಕತ್ತಿದ್ದು ನೋಡಿ ಒಂದು ಹಿಡಿ ಹೆಚ್ಚಿಗಿ ಹಾಕಿದ್ನಿ."

ನನ್ನ ಸಿಟ್ಟು ಇಳಿಯಲಿಲ್ಲ, ಸಿಟ್ಟು ಮಾಡಲು ಯಾರೂ ಉಳಿಯಲೂ ಇಲ್ಲ. "ಇನ್ನಾರ ಬಿಡ್ರಿ ಹಿಟ್ಟು ಹಾಕೂದನ್ನ" ಎಂದೆ. "ಬಿಟ್ರ ನಿನ್ನ ಕೈ?" ಎಂದರು.

ಮಷಿನ್ ಹಿಟ್ಟಿನ ಡಬ್ಬಿ ಇಡುವ ಕಟ್ಟೆಯಾಯಿತು. ಒಡೆದ ನನ್ನ ಕೈ ತಾಗಬಾರದೆಂದು ಮಗಳ ಸ್ನಾನ, ಊಟ, ನಿದ್ದೆ ಎಲ್ಲ ಅತ್ತೆಯ ಪಾಲಾಯಿತು. ಸ್ಟೂಲಿನ ಮೇಲೆ ಕೂತು ಅವರು ನೀರು ಎರೆಯುತ್ತಿದ್ದರೆ ನಾನು ಬಾಗಿಲಲ್ಲಿ ಟವೆಲ್ಲು ಹಿಡಿದು ನಿಲ್ಲುತ್ತಿದ್ದೆ.

ಮಗಳು ನಡೆಯಲು ಕಲಿತ ಮೇಲೆ ಒಂದು ಸಂಜೆ ಹಿತ್ತಲಲ್ಲಿ ಮುಗ್ಗರಿಸಿ ಬಿದ್ದಳು. ನಾನು ಬಾಂಡೆ ಬಿಟ್ಟು ಎರಡೂ ಕೈ ಚಾಚಿ ಓಡಿದೆ. ಎದ್ದವಳು ನನ್ನ ಕೈ ನೋಡಿದಳು, ನನ್ನನ್ನು ದಾಟಿ ಹೋಗಿ ಅಜ್ಜಿಯ ಕಾಲು ತಬ್ಬಿದಳು. ಅತ್ತೆ ಬೇಲಿಯ ಹತ್ತಿರ ನಿಂತುಕೊಂಡೇ ಇರುವೆಗೆ ಹಿಟ್ಟು ಉದುರಿಸುತ್ತಿದ್ದರು. ಎತ್ತಿಕೊಳ್ಳಲು ಅವರಿಗೆ ಬಗ್ಗಲಾಗದು. ಹಿಟ್ಟಿನ ಬಟ್ಟಲು ಹಿಡಿದು ನನ್ನನ್ನೇ ನೋಡಿದರು.

"ನೀನ ಎತ್ಗೋವಾ" ಎಂದರು.

ನಾನು ಎರಡೂ ಕೈಗೆ ಸೆರಗು ಸುತ್ತಿಕೊಂಡು ಮಗಳನ್ನು ಎತ್ತಿಕೊಂಡೆ.