ಗಂಗರತ್ನಮ್ಮನ ಇಂಗ್ಲೆಂಡ್ ಪಾಠ

ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚರಿತ್ರೆ ಹೇಳುತ್ತಿದ್ದ ಗಂಗರತ್ನಮ್ಮನಿಗೆ ವರ್ಷಕ್ಕೊಂದು ಹಬ್ಬವಿತ್ತು. ಅದು ಇಂಗ್ಲೆಂಡಿನ ಪಾಠ. ಕಪ್ಪುಹಲಗೆಯ ಮೇಲೆ ಆ ದ್ವೀಪ ಬರೆದು ಸುತ್ತಲೂ ಬಾಣ ಎಳೆಯುತ್ತಿದ್ದಳು. ಮೊದಲು ಕೆಲ್ಟರು, ಮೇಲೆ ಬಿದ್ದ ರೋಮನ್ನರು, ಜರ್ಮನಿ ಕಡೆಯ ಆಂಗ್ಲರು, ಸ್ಯಾಕ್ಸನ್ನರು, ಹಡಗಿನಲ್ಲಿ ಬಂದ ಡೇನರು, ಆಮೇಲೆ ಫ್ರಾನ್ಸಿನಿಂದ ನಾರ್ಮನ್ನರು. "ನಮ್ಮನ್ನ ಆಳಿದ ದೊರೆಗಳು ಒಂದೇ ರಕ್ತದೋರಲ್ಲ ಕಣ್ರೇ, ಹತ್ತು ಕಡೆಯಿಂದ ಬಂದು ಬೆರೆತೋರು," ಎನ್ನುವಾಗ ಅವಳ ದನಿ ಏರುತ್ತಿತ್ತು.

ಎಪ್ಪತ್ತೆಂಟನೇ ಇಸವಿಯಲ್ಲಿ ಅದು ಇನ್ನಷ್ಟು ಏರುವುದಕ್ಕೆ ಕಾರಣವಿತ್ತು. ಆರು ತಿಂಗಳ ಹಿಂದೆ ತಾಯಿ ನರಸಮ್ಮನ ಜೊತೆ ವಠಾರದ ಮನೆ ಹಿಡಿಯುವಾಗ ಯಜಮಾನಿ ಬಸವಮ್ಮ, "ನೀವು ಯಾವ ಜನ?" ಎಂದು ಕೇಳಿದ್ದರು. "ಮೇಷ್ಟ್ರ ಕೆಲಸದೋರು," ಎಂದು ಗಂಗರತ್ನಮ್ಮ ನಕ್ಕು ಜಾರಿಕೊಂಡಿದ್ದಳು. ಊರಾಚೆಯ ಕೇರಿಯವರು ಎಂದರೆ ಬಾಗಿಲು ಹೇಗೆ ಮುಚ್ಚುತ್ತದೆ ಎಂಬುದನ್ನು ಅದಕ್ಕೂ ಮುಂಚೆ ಮೂರು ಕಡೆ ನೋಡಿಯಾಗಿತ್ತು. ವಠಾರಕ್ಕೆಲ್ಲ ಒಂದೇ ಬಾವಿ. ನರಸಮ್ಮ ಎಲ್ಲರಿಗಿಂತ ಮೊದಲೇ ಹೋಗಿ, ಬೇರೆಯವರ ಕೊಡಕ್ಕೆ ತಗಲದ ಹಾಗೆ ನೀರು ಸೇದಿಕೊಂಡು ಬರುತ್ತಿದ್ದಳು. ಹಗ್ಗ ಮುಟ್ಟುವ ಮುಂಚೆ ಸುತ್ತ ಒಮ್ಮೆ ನೋಡಿಕೊಳ್ಳುತ್ತಿದ್ದಳು.

ಬುದ್ಧಿ ಇದ್ದವರು ಅಷ್ಟಕ್ಕೆ ಸುಮ್ಮನಿರುತ್ತಾರೆ. ಈ ಮಹಾತಾಯಿ ಆ ವರ್ಷದ ಪಾಠ ಮುಗಿಸಿ ಮಕ್ಕಳಿಗೆ ಮನೆಗೆಲಸ ಕೊಟ್ಟಳು: "ನಿಮ್ಮ ಹಿರೀಕರು ಎಲ್ಲಿಂದ ಬಂದ್ರು, ಕೇಳಿ ಬರ್ಕೊಂಡು ಬನ್ನಿ." ಬಸವಮ್ಮನ ಮೊಮ್ಮಗಳು ಸರ್ವಮಂಗಳಾ ಅದೇ ಕ್ಲಾಸಿನಲ್ಲಿದ್ದಳು. ಅದು ಗೊತ್ತಿದ್ದೂ ಕೊಟ್ಟಳು. ಪಾಠದ ಅಮಲು ಅಂಥದ್ದು.

ಸಂಜೆಯೇ ಹುಡುಗಿ ನೋಟ್‌ಬುಕ್ ಹಿಡಿದು ಇವರ ಬಾಗಿಲಿಗೆ ಬಂದಳು. "ಮಿಸ್, ನಾವು ಆಂಧ್ರದ ಕಡೆಯಿಂದ ಗಾಡಿ ಕಟ್ಕೊಂಡು ಬಂದು ಬಳೇಪೇಟೆ ಸೇರಿದ್ವಂತೆ. ನಮ್ಮ ಮುತ್ತಜ್ಜಿಗೆ ಕನ್ನಡಾನೇ ಬರ್ತಿರ್ಲಿಲ್ವಂತೆ!"

ಗಂಗರತ್ನಮ್ಮನಿಗೆ ಖುಷಿಯೋ ಖುಷಿ. ಅಷ್ಟರಲ್ಲಿ ಹುಡುಗಿ ಹೊಸ ಪುಟ ತೆರೆದು ಪೆನ್ನು ಚಾಚಿದಳು. "ಅಜ್ಜಿ ನಿಮ್ಮದನ್ನೂ ಬರೆಸ್ಕೊಂಡು ಬಾ ಅಂದ್ರು."

ಬಾವಿಕಟ್ಟೆಯ ಹತ್ತಿರ ಹರಟುತ್ತಿದ್ದ ಹೆಂಗಸರು ಕಿವಿ ನಿಮಿರಿಸಿದ್ದರು. ಎದುರು ಮನೆಯ ಬಾಗಿಲಲ್ಲಿ ಬಸವಮ್ಮ ನಿಂತು ಇತ್ತಲೇ ನೋಡುತ್ತಿದ್ದರು.

"ಏನಾದ್ರೂ ಒಂದು ಸುಳ್ಳು ಹೇಳ್ಬಿಡೇ, ನಿನ್ನ ದಮ್ಮಯ್ಯ," ಎಂದು ನರಸಮ್ಮ ಒಳಗಿನಿಂದ ಪಿಸುಗುಟ್ಟಿದಳು.

ಗಂಗರತ್ನಮ್ಮನಿಗೆ ಭಯವಾಯಿತು. ಆದರೆ ಪೆನ್ನು ಕೊಟ್ಟವಳು ತನ್ನದೇ ಶಿಷ್ಯೆ. ಅವಳ ಪುಸ್ತಕದಲ್ಲಿ ಸುಳ್ಳು ಬರೆಯಲು ಮನಸ್ಸು ಒಪ್ಪಲಿಲ್ಲ. ಊರು, ಕೇರಿ, ಜಾತಿ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಳು.

ಹುಡುಗಿ ಪುಸ್ತಕವನ್ನು ಅಜ್ಜಿಯ ಕೈಗೆ ಕೊಟ್ಟಳು. ಮರುದಿನ ಬೆಳಗ್ಗೆ ನರಸಮ್ಮ ಕೊಡ ತೆಗೆದುಕೊಂಡು ಹೋದರೆ ರಾಟೆಯಲ್ಲಿ ಹಗ್ಗವಿರಲಿಲ್ಲ.

ಬಸವಮ್ಮ ಕೂಗಾಡುವವರಲ್ಲ. ಇವರ ಹೊಸಿಲಿನಿಂದ ಮಾರು ದೂರ ನಿಂತು ಮೆತ್ತಗೆ ಹೇಳಿದರು: "ಇಂಗ್ಲಿಷ್‌ನೋರು ಯಾರ ಜೊತೆ ಬೇಕಾದ್ರೂ ಬೆರೀಲಿ ಮೇಡಂ, ಅದು ಅವರ ಮನೆ. ನೀವು ಭಾನುವಾರದೊಳಗೆ ಖಾಲಿ ಮಾಡ್ಬಿಡಿ. ಬಾವಿ ನೀರೆಲ್ಲ ಎತ್ತಿಸಿ ತೊಳಿಸ್ಬೇಕು."