ರಿಶ್ತೇದಾರರಿಲ್ಲದವರ ಖೋಲಿ

ಮಾನ್ವಿಯಲ್ಲಿ ಮಿಡ್ಲ್ ಸ್ಕೂಲು ಮುಗಿದ ಮೇಲೆ ಮುಂದಿನ ಓದಿಗೆ ರಾಯಚೂರೇ ಗತಿ. ಅದು ನಿಜಾಮರ ಕಾಲ. ಪೋತ್ನಾಳದ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ಹೋಗಿಬರುವ ಮಾತೇ ಇರಲಿಲ್ಲ. ರಾಯಚೂರಿನಲ್ಲಿ ಇರಲು ಜಾಗ ಸಿಕ್ಕರೆ ಓದು, ಸಿಗದಿದ್ದರೆ ಸಿರವಾರದ ಕಿರಾಣಿ ಅಂಗಡಿಯಲ್ಲಿ ಕೂತು ಬೆಲ್ಲ ತೂಗುವುದು ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ಅಂಗಡಿಯವನ ಜೊತೆ ಮಾತೂ ಆಡಿಬಂದಿದ್ದ. ಬೆಲ್ಲ ತಿನ್ನುವುದೆಂದರೆ ನನಗೆ ಪ್ರಾಣ. ತೂಗುವುದೆಂದರೆ ಅಳು ಬರುತ್ತಿತ್ತು.

ರಾಯಚೂರಿನಲ್ಲಿ ನಮ್ಮವರು ಯಾರೂ ಇರಲಿಲ್ಲವೆಂದಲ್ಲ. ಅಪ್ಪನ ಒಡಹುಟ್ಟಿದ ಅಕ್ಕ, ನನ್ನ ಸೋದರತ್ತೆ, ಅಲ್ಲೇ ಇದ್ದಳು. ಆದರೆ ಅವಳ ಮನೆ ಎಂಥದ್ದು! ಒಂದೇ ಅಂಕಣ. ಅದರಲ್ಲಿ ಅವಳ ಅತ್ತೆ ಮಾವ, ಗಂಡ, ಮೈದುನನ ಸಂಸಾರ, ತನ್ನ ಮಕ್ಕಳು, ಜೊತೆಗೆ ಎಮ್ಮೆಗಳು. ಎಮ್ಮೆ ಮಗ್ಗಲು ಬದಲಿಸಬೇಕಾದರೆ ಯಾರಾದರೂ ಎದ್ದು ಹೊರಗೆ ಹೋಗಬೇಕು. ಅಲ್ಲಿ ನನ್ನನ್ನು ಎಲ್ಲಿ ಇಟ್ಟುಕೊಳ್ಳುತ್ತಾಳೆ, ಪಾತ್ರೆ ಇಡುವ ನಾಗೊಂದಿಗೆಯ ಮೇಲೆಯೇ? ಅವಳು ಎಮ್ಮೆಯ ಮೊಸರನ್ನು ಗಡಿಗೆಯಲ್ಲಿ ಹೊತ್ತು ಓಣಿ ಓಣಿ ಮಾರಿ ಸಂಸಾರ ತೂಗಿಸುತ್ತಿದ್ದಳು.

ಒಬ್ಬ ಅಕ್ಕಿ ಗಿರಣಿಯ ಸಾಹುಕಾರರು ಸ್ಟೇಷನ್ನಿನ ಕಡೆ ಸಾಲಾಗಿ ಖೋಲಿಗಳನ್ನು ಕಟ್ಟಿಸಿ, ಪರಊರಿನಿಂದ ಬಂದು ಓದುವ ಹುಡುಗರಿಗೆ ಹೆಸರಿಗಷ್ಟೇ ಬಾಡಿಗೆ ತೆಗೆದುಕೊಂಡು ಕೊಡುತ್ತಿದ್ದರು. ಈ ಸುದ್ದಿ ತಂದವಳೂ ಅತ್ತೆಯೇ. ಖೋಲಿಗಳ ಉಸ್ತುವಾರಿ ನೋಡುತ್ತಿದ್ದ ಮುನೀಮರ ಮನೆಗೆ ಅವಳೇ ಮೊಸರು ಹಾಕುತ್ತಿದ್ದಳು.

ಅಪ್ಪ ಹೊಸ ರುಮಾಲು ಸುತ್ತಿ, ಹಣೆತುಂಬ ವಿಭೂತಿ ಬಳಿದು ನನ್ನನ್ನು ಕರೆದುಕೊಂಡು ಹೋದ. ಮುನೀಮರು ಗೋಡೆಗೆ ತೂಗುಹಾಕಿದ್ದ ಉರ್ದು ಕಾಯಿದೆಗಳನ್ನು ಒಂದೊಂದಾಗಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಹುಡುಗ ಹೈಸ್ಕೂಲು ಓದುತ್ತಿರಬೇಕು. ಪರಊರಿನವನಾಗಿರಬೇಕು. ಶಹರದಲ್ಲಿ ರಿಶ್ತೇದಾರರು, ಅಂದರೆ ನೆಂಟರಿಷ್ಟರು, ಇರಬಾರದು. ಆದರೆ ಹುಡುಗನಿಗೆ ಜಡ್ಡು ಜಾಡ್ಯ ಬಂದರೆ ಓಡಿಬರಲು ಶಹರದ ಗುರುತಿನವರೊಬ್ಬರು ಜಾಮೀನು ನಿಲ್ಲಬೇಕು. ಎಲಾ ಇವರ! ಊರಲ್ಲಿ ಯಾರೂ ಇರಬಾರದು, ಒಬ್ಬರು ಇರಲೂಬೇಕು. ಈ ಕಾಯಿದೆ ಬರೆದ ಪುಣ್ಯಾತ್ಮ ಯಾರೋ, ಇವತ್ತಿಗೂ ನನಗೆ ಅವನ ಮೇಲೆ ಸಿಟ್ಟಿದೆ.

ನಮ್ಮ ಮುಂದೆ ದೇವದುರ್ಗದ ಕಡೆಯ ಗೃಹಸ್ಥರೊಬ್ಬರು ಮಗನನ್ನು ನಿಲ್ಲಿಸಿಕೊಂಡಿದ್ದರು. ರಾಯಚೂರಾಗ ನಿಮ್ಮವರು ಯಾರದಾರ ಎಂದು ಮುನೀಮರು ಕೇಳಿದ್ದೇ ತಡ, ಯಾರೂ ಇಲ್ರಿ, ಮ್ಯಾಲ ದೇವರೊಬ್ಬ ಅದಾನ ಎಂದು ಸಲೀಸಾಗಿ ಹೇಳಿ ಕೈಮುಗಿದರು. ಜಾಮೀನಿಗೆ ಒಬ್ಬ ಬಟ್ಟೆ ವ್ಯಾಪಾರಿಯೂ ಬಂದಿದ್ದ. ಖೋಲಿ ಸಿಕ್ಕೇಬಿಟ್ಟಿತು.

ನಮ್ಮ ಸರದಿ ಬಂತು. ಅದೇ ಪ್ರಶ್ನೆ. ಅಪ್ಪ ಕೆಮ್ಮಿದ. ರುಮಾಲು ಸರಿಮಾಡಿಕೊಂಡ. ಮತ್ತೆ ಕೆಮ್ಮಿದ. ನಾನು ಹಿಂದಿನಿಂದ ಅವನ ಅಂಗಿ ಜಗ್ಗಿದೆ. ಕೊನೆಗೆ ಅವನು ಜಾಮೀನಿನವರನ್ನು ಕರೆದುಕೊಂಡು ನಾಳೆ ಬರುತ್ತೇನೆಂದು ಹೇಳಿ ಹೊರಗೆ ಬಂದುಬಿಟ್ಟ. ಖೋಲಿ ಕೇಳಿಕೊಂಡು ಬಂದ ಹುಡುಗರು ಬಹಳ ಇದ್ದಾರೆ, ನಾಳೆ ಕಡೆಯ ದಿನ ಎಂದು ಮುನೀಮರು ಹಿಂದಿನಿಂದ ಕೂಗಿ ಹೇಳಿದರು.

ನಮ್ಮ ಮನೆಯಲ್ಲಿ "ಇಲ್ಲ" ಅನ್ನುವ ಮಾತಿಗೆ ಬಹಳ ಅಂಜುತ್ತಿದ್ದರು. ಬಳೆ ಒಡೆದರೆ ಒಡೆಯಿತು ಅನ್ನದೆ ಹೆಚ್ಚಿತು ಅನ್ನಬೇಕು. ಜೋಳ ತೀರಿದರೆ ಇಲ್ಲ ಅನ್ನದೆ ತರಬೇಕು ಅನ್ನಬೇಕು. ಅಂಥ ಮನೆಯ ಮನುಷ್ಯ ಬದುಕಿ ಬಾಳುತ್ತಿರುವ ಅಕ್ಕನನ್ನು ಇಲ್ಲ ಅನ್ನುವುದು ಹೇಗೆ? ಅದೂ ಎಂಥ ಅಕ್ಕ. ಅಜ್ಜಿ ಸತ್ತಾಗ ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅದಕ್ಕೇ ನಾಗರ ಪಂಚಮಿ ಬಂತೆಂದರೆ, ಹೊಲದಲ್ಲಿ ಎಷ್ಟೇ ಕೆಲಸವಿರಲಿ, ಅಪ್ಪ ಗಾಡಿ ಕಟ್ಟಿಕೊಂಡು ಹೋಗಿ ಅಕ್ಕನನ್ನು ತವರಿಗೆ ಕರೆತರುತ್ತಿದ್ದ.

ಸಂಜೆ ಅತ್ತೆಯ ಮನೆಯಲ್ಲಿ ಉಣ್ಣುತ್ತ ಅಪ್ಪ ಎಲ್ಲವನ್ನೂ ಹೇಳಿದ. ಅತ್ತೆ ರೊಟ್ಟಿ ಬಡಿಯುತ್ತ ನಕ್ಕಳು, ಎಷ್ಟು ನಕ್ಕಳೆಂದರೆ ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಇಷ್ಟಕ್ಕ ತಿರುಗಿ ಬಂದಿಯೇನೋ ಹುಚ್ಚಪ್ಪಾ, ಯಾರೂ ಇಲ್ಲ ಅಂದುಬಿಡು, ನನ್ನ ಗಂಟೇನು ಹೋಗತದ ಎಂದು ಚುಡಾಯಿಸಿದಳು. ಅಪ್ಪ ನಗಲಿಲ್ಲ. ಅನ್ನುತ್ತೇನೆ ಅನ್ನಲಿಲ್ಲ, ಅನ್ನುವುದಿಲ್ಲ ಅಂತಲೂ ಅನ್ನಲಿಲ್ಲ. ನನಗೆ ಮೈ ಉರಿದುಹೋಯಿತು. ಎರಡು ಮಾತಿನ ಮೇಲೆ ನನ್ನ ಓದು ನಿಂತಿದೆ, ಈ ಮನುಷ್ಯ ಬಾಯಿ ತೆರೆಯಲೊಲ್ಲ! ಸಿರವಾರದ ತಕ್ಕಡಿ ಕಣ್ಣ ಮುಂದೆ ಬಂದು, ನಾನು ತಟ್ಟೆ ಸರಿಸಿ ಎದ್ದುಬಿಟ್ಟೆ. ಅತ್ತೆ ರಟ್ಟೆ ಹಿಡಿದು ಮತ್ತೆ ಕೂಡಿಸಿ, ಹೊತ್ತಿದ ರೊಟ್ಟಿಯನ್ನು ತಾನಿಟ್ಟುಕೊಂಡು ಬಿಸಿಯದನ್ನು ನನಗೆ ಹಾಕಿದಳು.

ಮರುದಿನ ಬೆಳಿಗ್ಗೆ ಅಪ್ಪ ಮಡಿ ಉಟ್ಟು, ದೇವರಿಗೆ ಕೈಮುಗಿದು ಹೊರಟ. ಜಾಮೀನಿನವರು ಯಾರೂ ಜೊತೆಗಿರಲಿಲ್ಲ. ದಾರಿಯುದ್ದಕ್ಕೂ ಅವನ ತುಟಿ ಅಲುಗಾಡುತ್ತಿತ್ತು. ಮಂತ್ರ ಹೇಳಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಹತ್ತಿರ ಹೋದಾಗ ಕೇಳಿಸಿತು, ಅವನು "ಯಾರೂ ಇಲ್ರಿ, ಯಾರೂ ಇಲ್ರಿ" ಅಂದುಕೊಳ್ಳುತ್ತಿದ್ದ. ಆಗ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಮುನೀಮರು ಮತ್ತೆ ಅದನ್ನೇ ಕೇಳಿದರು. ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹೊರಗಿನಿಂದ ಗಡಿಗೆ ಇಳಿಸಿದ ಸಪ್ಪಳ. ಅತ್ತೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದಳು. ಅಪ್ಪನ ಕಡೆ ನೋಡಲೇ ಇಲ್ಲ.

"ಈ ಹುಡುಗಗ ನಾ ಜಾಮೀನು ನಿಲ್ಲತೀನ್ರಿ ಮುನೀಮರ."

ನಮ್ಮ ಮೊಸರಿನಾಕಿ ಇಲ್ಲೇನು ಮಾಡುತ್ತಿದ್ದಾಳೆಂದು ಮುನೀಮರಿಗೆ ಆಶ್ಚರ್ಯ. ಇವರು ನಿನಗ ಏನಾಗಬೇಕು ಎಂದು ಕೇಳಿದರು.

"ಏನೂ ಆಗಬೇಕಿಲ್ರಿ. ನಮ್ಮೂರ ಕಡಿಯವ್ರು ಅಷ್ಟ. ನಿಮ್ಮ ಮನಿಗಿ ದಿನಾ ಬರಾಕಿ ನಾ. ಹುಡುಗಗ ಜಡ್ಡಾದ್ರ ಒಂದು ಮಾತು ಹೇಳಿ ಕಳಸ್ರಿ, ಬರತೀನಿ."

ಅವಳು ಅದನ್ನು ಮೊಸರಿನ ದರ ಹೇಳಿದಷ್ಟೇ ಸರಳವಾಗಿ ಹೇಳಿದಳು. ಅಪ್ಪ ತೆರೆದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತ ನಿಂತ. ಮುನೀಮರು ಅವಳ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ಇಬ್ಬರದೂ ಒಂದೇ ಗಿಣಿಮೂಗು. ಅವರಿಗೇನು ತಿಳಿಯಿತೋ ಬಿಟ್ಟಿತೋ ದೇವರೇ ಬಲ್ಲ. ಆಗಲಿ, ಗುರುತಿನಾಕಿ ಅದಾಳ ಎಂದು ಹೇಳಿ ಬೀಗದ ಕೈ ತೆಗೆದು ನನಗೆ ಕೊಟ್ಟರು. ದೇವದುರ್ಗದ ಆ ಹುಡುಗನ ಜೊತೆಗೇ ನನಗೆ ಖೋಲಿ ಸಿಕ್ಕಿತು.

ಹೊರಗೆ ಬಂದು ಅತ್ತೆ ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡಳು. ಅಪ್ಪ ಗಡಿಗೆ ಎತ್ತಿಕೊಡಲು ಬಗ್ಗಿದವನು, ಎತ್ತದೆ ಅವಳ ಕಡೆ ತಿರುಗಿದ. ಎರಡೂ ಕಣ್ಣಲ್ಲಿ ನೀರು.

"ನೀ ಹೆಂಗ ಅಂದಿ ಅಕ್ಕಾ? ರಾತ್ರಿ ನನಗ ಅನ್ನು ಅಂದಾಕಿ, ಮುಂಜಾನಿ ನೀನ ಬಂದು ಅಂದಿ."

ನಗುತ್ತಾಳೆಂದು ನಾನು ಕಾದೆ. ಅತ್ತೆ ನಗಲಿಲ್ಲ. ಸೆರಗಿನ ತುದಿಯಿಂದ ತಮ್ಮನ ಮುಖ ಒರೆಸಿದಳು.

"ರಾತ್ರಿ ನಿನಗೇನೋ ಅನ್ನು ಅಂದೆ ತಮ್ಮಾ. ಆಮ್ಯಾಲ ನನಗ ನಿದ್ದಿ ಬರಲಿಲ್ಲ. ನೀ ಅಂದಬಿಟ್ಟಿದ್ರ ನನಗ ತವರಮನಿನ ಇರತಿರಲಿಲ್ಲ. ನೀ ಎಲ್ಲಿ ಅಂತಿಯೋ ಅಂತ ಅಂಜಿ, ಓಣ್ಯಾಗ ಯಾರಿಗೂ ಮೊಸರು ಹಾಕದ ಓಡಿ ಬಂದೀನಿ."